ಈಸೂರಿನಿಂದ ಕಾನಿನ ಅಂಚಿಗೆ

ಶಿವಮೊಗ್ಗ ಜಿಲ್ಲೆಯ ದೊಡ್ಡ ನಕ್ಷೆಯೊಂದನ್ನು ಮೇಜಿನ ಮೇಲೆ ಹರಡಿಕೊಂಡು ಶಿಕಾರಿಪುರದಿಂದ ಸೊರಬದವರೆಗೆ ಬೆರಳು ಓಡಿಸಿದರೆ, ದಪ್ಪ ಗೆರೆಯ ಡಾಂಬರು ರಸ್ತೆಗಳು ಸಿಗುವುದು ಕೆಲವೇ ಕೆಲವು. ಅವುಗಳ ಎಡಕ್ಕೂ ಬಲಕ್ಕೂ ಸಣ್ಣ ಚುಕ್ಕೆಗೆರೆಗಳು ಒಡೆದು ಹಸಿರು ಬಣ್ಣದೊಳಗೆ ಹೊಕ್ಕು ಮಾಯವಾಗುತ್ತವೆ. ಇವು ಗಾಡಿ ದಾರಿಗಳು, ಮರ ಸಾಗಿಸಲು ಎಂದೋ ಮಾಡಿದ ಕೂಪು ದಾರಿಗಳು, ಅರಣ್ಯ ಇಲಾಖೆಯ ಗಸ್ತಿನ ದಾರಿಗಳು. ಇಂಥ ಕಡೆ ಬಸ್ಸು ಬರುವುದಿಲ್ಲ. ಕಾರು ಹೋದರೂ ತಿರುಗಿ ಬರುವ ಭರವಸೆಯಿಲ್ಲ. ಮಳೆಗಾಲದಲ್ಲಂತೂ ಜೀಪೇ ಗತಿ. ಅದೂ ನಾಲ್ಕು ಗಾಲಿಗೂ ಎಂಜಿನ್ನಿನ ಬಲ ಹಂಚುವ ‘ಫೋರ್ ವೀಲ್ ಡ್ರೈವ್’ ಜೀಪು.

ಕಾಡುದಾರಿಯ ಪ್ರಯಾಣವೆಂದರೆ ಕೆಸರು ಹಾರಿಸುತ್ತ, ಹಳ್ಳ ಹಾರಿಸುತ್ತ ನುಗ್ಗುವ ಸಾಹಸ ಎಂದು ಅನೇಕರು ತಿಳಿದಿದ್ದಾರೆ. ಶಿಕಾರಿಪುರ ಮತ್ತು ಸೊರಬ ತಾಲೂಕುಗಳ ದಾರಿ ಹೇಳುವ ಕತೆ ಬೇರೆ. ಅದನ್ನು ಕೇಳಬೇಕಾದರೆ ಪ್ರಯಾಣವನ್ನು ಈಸೂರಿನಿಂದಲೇ ಶುರು ಮಾಡಬೇಕು. ದಾರಿಯಿಂದ ಏನು ಬರುತ್ತದೆ, ಕಾಡು ಏನು ಕೊಡುತ್ತದೆ ಎಂಬುದು ಈ ಊರಿಗೆ 1942ರಲ್ಲೇ ತಿಳಿದುಹೋಗಿತ್ತು.

ಅಂದು ಕಾಡು ಸೇರಿದ ಊರು

ಈಸೂರು ಶಿಕಾರಿಪುರ ತಾಲೂಕಿನ ಒಂದು ಹಳ್ಳಿ. ಹೊಲ, ಗದ್ದೆ, ಅಡಿಕೆ ತೋಟ, ಹೆಂಚಿನ ಮನೆಗಳ ನಡುವೆ ವೀರಭದ್ರೇಶ್ವರ ದೇವಸ್ಥಾನ. ಮೊದಲ ನೋಟಕ್ಕೆ ಅರೆಮಲೆನಾಡಿನ ಯಾವ ಊರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ಆದರೆ ‘ಕ್ವಿಟ್ ಇಂಡಿಯಾ’ ಚಳವಳಿಯ ಆ ವರ್ಷ, ಸೆಪ್ಟೆಂಬರ್ ತಿಂಗಳಲ್ಲಿ, ಇದೇ ದೇವಸ್ಥಾನದ ಮೇಲೆ ಊರವರು ತ್ರಿವರ್ಣ ಧ್ವಜ ಏರಿಸಿ ತಮ್ಮ ಊರು ಸ್ವತಂತ್ರವಾಯಿತೆಂದು ಸಾರಿದರು. ಕಂದಾಯ ಕೊಡುವುದಿಲ್ಲ ಎಂದರು. ಊರಿಗೊಂದು ಸರ್ಕಾರವನ್ನೂ ಮಾಡಿಕೊಂಡರು. ಅದರಲ್ಲಿ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಆದವರು ಇಬ್ಬರು ಹುಡುಗರು! ಎಳೆಯರನ್ನು ಸರ್ಕಾರ ಜೈಲಿಗೆ ಹಾಕಲಾರದು ಎಂಬುದು ಹಿರಿಯರ ಲೆಕ್ಕಾಚಾರವಾಗಿತ್ತು ಎನ್ನುತ್ತಾರೆ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಹುಟ್ಟಿದ್ದು ಆ ದಿನಗಳಲ್ಲಿ.

1942ರ ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಪೊಲೀಸರೊಂದಿಗೆ ಊರಿಗೆ ಬಂದರು. ಊರೊಳಗೆ ಬರುವುದಾದರೆ ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡು ಹಾರಿತು. ಉದ್ರಿಕ್ತ ಜನರ ಏಟಿಗೆ ಇಬ್ಬರು ಅಧಿಕಾರಿಗಳೂ ಸತ್ತರು. ಅವರೂ ಈ ನಾಡಿನವರೇ, ಸಂಬಳಕ್ಕೆ ದುಡಿಯುತ್ತಿದ್ದವರೇ. ಈಸೂರಿನ ಕತೆಯನ್ನು ಮಕ್ಕಳಿಗೆ ಹೇಳುವಾಗ ಈ ಭಾಗವನ್ನು ಬಿಟ್ಟು ಹೇಳಬಾರದು.

ಸರ್ಕಾರದ ಪಡೆಗಳು ಊರಿಗೆ ನುಗ್ಗಿದ್ದು ಆಮೇಲೆ. ಮನೆಗಳು ಸುಲಿಗೆಯಾದವು, ಬೆಂಕಿಗೂ ಆಹುತಿಯಾದವು. ಜನ ಉಟ್ಟ ಬಟ್ಟೆಯಲ್ಲೇ ಸುತ್ತಲ ಕಾಡು ಸೇರಿದರು. ಬಂದೂಕು ಹಿಡಿದವರು ಬಂದದ್ದು ರಸ್ತೆಯಲ್ಲಿ. ಪ್ರಾಣ ಉಳಿಸಿಕೊಳ್ಳಬೇಕಾದವರು ಹುಡುಕಿದ್ದು ರಸ್ತೆಯಿಲ್ಲದ ಕಡೆಯನ್ನು. ಆದರೆ ಎಷ್ಟು ದಿನ ಅಡಗಿರಲು ಸಾಧ್ಯ? ಹಲವರು ಸೆರೆ ಸಿಕ್ಕರು, ಮೊಕದ್ದಮೆ ನಡೆಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡೇಕಳ್ಳಿ ಹಾಲಪ್ಪ ಮತ್ತು ಗೌಡ್ರು ಶಂಕರಪ್ಪ, ಈ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಜೀವಾವಧಿ ಶಿಕ್ಷೆಗೆ ಗುರಿಯಾದವರಲ್ಲಿ ಹೆಂಗಸರೂ ಇದ್ದರು. ಆ ಜೈಲಿದ್ದ ಜಾಗವೇ ಇಂದಿನ ಫ್ರೀಡಂ ಪಾರ್ಕ್. ಈಸೂರಿನಲ್ಲಿ ಹುತಾತ್ಮರ ಸ್ಮಾರಕವಿದೆ. ಕಾಡುದಾರಿಯ ಪ್ರಯಾಣ ಹೊರಡುವವರು ಅದರ ಮುಂದೆ ಐದು ನಿಮಿಷ ನಿಂತು ಹೊರಡುವುದು ಮೇಲು.

ನಾಲ್ಕು ಗಾಲಿಯ ಲೆಕ್ಕ

ಜೀಪು ಹುಟ್ಟಿದ್ದೂ ಅದೇ ಮಹಾಯುದ್ಧದ ಕಾಲದಲ್ಲಿ ಎಂಬುದು ಒಂದು ವಿಚಿತ್ರ ಹೊಂದಾಣಿಕೆ. ಅಮೆರಿಕದ ಸೇನೆಗಾಗಿ ವಿಲ್ಲೀಸ್ ಕಂಪನಿ 1941ರಿಂದ ಈ ವಾಹನವನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸಿತು. ಭಾರತದಲ್ಲಿ ಅದನ್ನು ಜೋಡಿಸುವ ಕೆಲಸ ಮಹೀಂದ್ರ ಸಂಸ್ಥೆಯಿಂದ 1947ರಲ್ಲಿ ಆರಂಭವಾಯಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿ ನಮ್ಮ ಮಲೆನಾಡಿನಲ್ಲಿ ಅರಣ್ಯ ಇಲಾಖೆಯ ಗಾಡಿಯಾಯಿತು, ತೋಟದವರ ಗಾಡಿಯಾಯಿತು, ಬಾಣಂತಿಯನ್ನೂ ಹಾವು ಕಚ್ಚಿದವರನ್ನೂ ಆಸ್ಪತ್ರೆಗೆ ಮುಟ್ಟಿಸುವ ಗಾಡಿಯಾಯಿತು. ಇದೇ ಜಿಲ್ಲೆಯ ಕೊಡಚಾದ್ರಿ ಬೆಟ್ಟದ ಕೊರಕಲು ದಾರಿಯಲ್ಲಿ ಯಾತ್ರಿಕರನ್ನು ಹತ್ತಿಸುವುದೂ ಜೀಪೇ.

ಅದರ ಗುಟ್ಟೇನು? ಸಾಧಾರಣ ಜೀಪಿನಲ್ಲಿ, ಡಾಂಬರು ರಸ್ತೆಯ ಮೇಲೆ, ಎಂಜಿನ್ನಿನ ಬಲ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಅಚ್ಚಿನ ನಡುವೆ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಗುಂಡನೆಯ ಪೆಟ್ಟಿಗೆಯಿದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ, ಒಳಗಿನದು ಕಡಿಮೆ ದೂರ ಉರುಳಬೇಕಲ್ಲ, ಆ ಹೊಂದಾಣಿಕೆ ಅದರದ್ದು. ಆದರೆ ಕೆಸರಿನಲ್ಲಿ ಇದೇ ಅನುಕೂಲ ತೊಂದರೆಯಾಗುತ್ತದೆ. ಒಂದು ಗಾಲಿ ಜಾರತೊಡಗಿದರೆ ಸುತ್ತುವುದು ಆ ಗಾಲಿಯೊಂದೇ. ಗಟ್ಟಿ ನೆಲದ ಮೇಲಿರುವ ಜೊತೆಗಾಲಿ ಸುಮ್ಮನೆ ನಿಂತುಬಿಡುತ್ತದೆ. ಚಾಲಕ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಹೊಂಡ ತೋಡುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ.

ಆಗ ಬೇಕಾಗುವುದು ಗೇರಿನ ಪಕ್ಕದ ಇನ್ನೊಂದು ಲಿವರ್. ಅದನ್ನು ಎಳೆದರೆ ಮುಂದಿನ ಅಚ್ಚಿಗೂ ಬಲ ಹೋಗುತ್ತದೆ. ಹಿಂದಿನವು ತಳ್ಳುವಾಗ ಮುಂದಿನವು ಎಳೆಯುತ್ತವೆ. ಹಳೆಯ ಜೀಪುಗಳಲ್ಲಿ ಮೊದಲು ಕೆಳಗಿಳಿದು ಮುಂದಿನ ಗಾಲಿಗಳ ನಡುವಿನ ಬಿಲ್ಲೆಯನ್ನು ಕೈಯಿಂದ ತಿರುಗಿಸಿ ಬಿಗಿಯಬೇಕಾಗುತ್ತಿತ್ತು. ಕೆಸರಿಗೆ ಕಾಲಿಡದೆ ಈ ಕೆಲಸ ಆಗುತ್ತಿರಲಿಲ್ಲ. ಇದರ ಮೇಲೆ ‘ಲೋ’ ಎಂಬ ಇನ್ನೊಂದು ಹಂತವಿದೆ. ಅದರಲ್ಲಿ ವೇಗ ಅರ್ಧಕ್ಕೂ ಇಳಿದು ಗಾಲಿಗೆ ಸಿಗುವ ತಿರುಚುಬಲ ಸುಮಾರು ಎರಡು ಪಟ್ಟಿಗೂ ಹೆಚ್ಚುತ್ತದೆ. ಭೌತಶಾಸ್ತ್ರದ ಪಾಠದಲ್ಲಿ ಬರುವ ಹಲ್ಲುಚಕ್ರಗಳ ಲೆಕ್ಕವೇ ಇದು. ವೇಗವನ್ನು ಬಿಟ್ಟುಕೊಟ್ಟವನಿಗೆ ಬಲ ಸಿಗುತ್ತದೆ.

ಆದ್ದರಿಂದಲೇ ಕಾಡುದಾರಿಯ ಒಳ್ಳೆಯ ಚಾಲಕ ನಿಧಾನಿ. ಕಡಿದಾದ ಇಳಿಜಾರಿನಲ್ಲಿ ಅವನು ಬ್ರೇಕನ್ನು ನೆಚ್ಚುವುದಿಲ್ಲ. ಒಂದನೇ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುವಂತೆ ಬಿಡುತ್ತಾನೆ. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಚಕ್ರದ ಒಳಕ್ಕೆ ಸುತ್ತುವುದಿಲ್ಲ. ಮುಂದಿನ ಗಾಲಿ ಕಲ್ಲಿಗೆ ಬಡಿದರೆ ಸ್ಟೀರಿಂಗ್ ಗಿರ್ರನೆ ತಿರುಗಿ ಬೆರಳು ಮುರಿಯಬಹುದು. ಹಳ್ಳ ಅಡ್ಡ ಬಂದರೆ ಇಳಿದು ಕೋಲು ಹಿಡಿದು ನಡೆದು ಆಳ ನೋಡುತ್ತಾನೆ. ನಡೆದು ದಾಟಲಾಗದ ಸೆಳೆತಕ್ಕೆ ಗಾಡಿ ಇಳಿಸುವುದಿಲ್ಲ. ಡಾಂಬರು ರಸ್ತೆ ಸಿಕ್ಕೊಡನೆ ಲಿವರನ್ನು ಮೊದಲಿನ ಸ್ಥಾನಕ್ಕೆ ತರುತ್ತಾನೆ. ಗಟ್ಟಿ ನೆಲದಲ್ಲಿ ನಾಲ್ಕು ಗಾಲಿಗೂ ಬಲ ಕೊಟ್ಟು ತಿರುವು ತೆಗೆದುಕೊಂಡರೆ ಹಿಂದಿನ ಮುಂದಿನ ಅಚ್ಚುಗಳು ಒಂದನ್ನೊಂದು ಜಗ್ಗಿ ಹಲ್ಲುಗಳು ಸವೆಯುತ್ತವೆ. ಕೆಸರು ಹಾರಿಸಿ ನುಗ್ಗುವವನು ಫೋಟೋಕ್ಕೆ ಚೆಂದ, ಗಾಡಿಗೂ ದಾರಿಗೂ ಅಲ್ಲ.

ಕಾನಿನ ಸೀಮೆ

ಈಸೂರಿನ ಸುತ್ತಲದು ಬೇಸಗೆಯಲ್ಲಿ ಎಲೆ ಉದುರಿಸುವ ಕಾಡು. ತೇಗ, ಮತ್ತಿ, ಹೊನ್ನೆ, ಬಿದಿರು ಇಲ್ಲಿಯ ಸಂಪತ್ತು. ಶಿಕಾರಿಪುರ ದಾಟಿ ಶಿರಾಳಕೊಪ್ಪದ ಕಡೆ ಹೊರಟರೆ ಇಕ್ಕೆಲದಲ್ಲೂ ಮೆಕ್ಕೆಜೋಳ, ಭತ್ತ, ಕೆರೆಗಳು. ಶಿರಾಳಕೊಪ್ಪದ ಸಮೀಪದಲ್ಲೇ ಬಳ್ಳಿಗಾವಿ ಮತ್ತು ತಾಳಗುಂದ ಇವೆ. ಅಲ್ಲಮಪ್ರಭುವಿನ ಹೆಸರಿನೊಂದಿಗೆ ಬೆಸೆದ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನೂ, ಕದಂಬರ ವಂಶದ ಕತೆ ಕೆತ್ತಿದ ತಾಳಗುಂದದ ಶಿಲಾಸ್ತಂಭವನ್ನೂ ನೋಡದೆ ಮುಂದೆ ಹೋಗುವುದು ಕಷ್ಟ. ಆದರೆ ಅವಕ್ಕೆ ಬೇರೆಯೇ ಒಂದು ದಿನ ಬೇಕು.

ಅಲ್ಲಿಂದ ಸೊರಬದತ್ತ ಸರಿದಂತೆ ಮಳೆಯ ಪ್ರಮಾಣ ಏರುತ್ತದೆ, ನೆಲದ ಬಣ್ಣ ಕೆಂಪಾಗುತ್ತದೆ. ರಸ್ತೆ ಬದಿಯ ಕಡಿತಗಳಲ್ಲಿ ಜಂಬಿಟ್ಟಿಗೆಯ ಪದರ ಕಾಣುತ್ತದೆ. ಡಾಂಬರು ಬಿಟ್ಟು ಮಣ್ಣಿನ ದಾರಿಗೆ ಜೀಪು ಇಳಿದರೆ ಮೊದಲು ಎದುರಾಗುವುದು ಸಾಲಾಗಿ ನಿಂತ ಅಕೇಶಿಯಾ ನೆಡುತೋಪು, ಅದರಾಚೆ ಶುಂಠಿ ಮಡಿಗಳು, ಅನಾನಸು, ಹೊಸ ಅಡಿಕೆ ತೋಟ. ‘ಇದೇನಾ ಕಾಡು?’ ಎಂದು ಪಟ್ಟಣದ ಮಕ್ಕಳು ಕೇಳಬಹುದು. ಇದಲ್ಲ. ಇನ್ನೂ ಸ್ವಲ್ಪ ಹೋಗಬೇಕು. ಬಿಸಿಲಿಗೆ ಬಾಡಿದ ಬಯಲು ಮುಗಿಯುವಲ್ಲಿ, ಗೋಡೆ ಕಟ್ಟಿದಂತೆ, ಕಡು ಹಸಿರಿನ ಒಂದು ರಾಶಿ ಎದ್ದು ನಿಲ್ಲುತ್ತದೆ. ಅದು ಕಾನು.

ಕಾನು ಎಂಬ ಮಾತನ್ನು ಮಲೆನಾಡಿನವರು ಎಲ್ಲ ಕಾಡಿಗೂ ಬಳಸುವುದಿಲ್ಲ. ವರ್ಷವಿಡೀ ಹಸಿರಾಗಿರುವ, ಬಿಸಿಲು ನೆಲಕ್ಕೆ ಬೀಳದ, ಒಳಗೆ ನೀರಿನ ಸೆಲೆಯಿರುವ ಕಾಡಿಗಷ್ಟೇ ಆ ಹೆಸರು. ಎಲೆ ಉದುರಿಸುವ ಕಾಡು, ಗದ್ದೆ, ಬ್ಯಾಣಗಳ ನಡುವೆ ದ್ವೀಪಗಳಂತೆ ಅವು ಉಳಿದುಬಂದವು. ಒಳಗೆ ಚೌಡಿ, ಭೂತಪ್ಪ ಮೊದಲಾದ ದೇವರುಗಳ ನೆಲೆ. ಕೊಡಲಿ ಹಾಕಬಾರದೆಂಬ ಕಟ್ಟು. ಹಾಗೆಂದು ಜನ ಕಾನನ್ನು ಮುಟ್ಟುತ್ತಲೇ ಇರಲಿಲ್ಲ ಎಂದಲ್ಲ. ಮರಕ್ಕೆ ಹಬ್ಬಿದ ಕಾಳುಮೆಣಸು, ದಾಲ್ಚಿನ್ನಿ, ಉಪ್ಪಾಗೆ, ಬೈನೆ ಮರದ ಕಳ್ಳು, ಉಪ್ಪಿನಕಾಯಿಗೆ ಅಪ್ಪೆಮಿಡಿ, ಎಲ್ಲವನ್ನೂ ಕಾನು ಕೊಡುತ್ತಿತ್ತು. ಮರ ನಿಂತಿರುವವರೆಗೆ ಫಲ ಎಂಬುದು ಅಲ್ಲಿಯ ಒಪ್ಪಂದ. ಕಾನಿನಿಂದ ಜಿನುಗಿದ ನೀರೇ ಕೆಳಗಿನ ತೋಟ, ಗದ್ದೆಗೆ ಆಧಾರ.

ಜರ್ಮನಿಯಿಂದ ಬಂದು ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದ ಡೀಟ್ರಿಚ್ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಯೊಂದಿಗೆ 1868ರಲ್ಲಿ ಸೊರಬದ ಕಾನುಗಳ ಬಗ್ಗೆ ವರದಿ ಬರೆದರು. ಆಗ ಈ ಒಂದು ತಾಲೂಕಿನಲ್ಲೇ 171 ಕಾನುಗಳಿದ್ದವು. ಅವುಗಳ ಒಟ್ಟು ವಿಸ್ತಾರ 32,594 ಎಕರೆ. ಇಂದು ಉಳಿದಿರುವ ಕಾನುಗಳಲ್ಲಿ ಹಲವು ಅಂಚು ಸವೆದು, ನಡುವೆ ಸೀಳಿ, ಗುರುತು ಸಿಗದಂತಾಗಿವೆ. ಮರ ಸಾಗಿಸಲು ದಾರಿ, ದಾರಿಯ ಬದಿಗೆ ಗುಡಿಸಲು, ಗುಡಿಸಲ ಹಿಂದೆ ತೋಟ, ತೋಟದ ಹಿಂದೆ ಇನ್ನೊಂದು ದಾರಿ. ಕಾಡು ಕರಗುವ ಕ್ರಮ ಎಲ್ಲ ಕಡೆಯೂ ಹೆಚ್ಚು ಕಡಿಮೆ ಇದೇ. ನಕ್ಷೆಯ ಚುಕ್ಕೆಗೆರೆ ದಪ್ಪ ಗೆರೆಯಾದಂತೆ ಅದರ ಸುತ್ತಲ ಹಸಿರು ಬಣ್ಣ ತೆಳುವಾಗುತ್ತ ಹೋಗುತ್ತದೆ.

ಕ್ಯಾಸನೂರಿನ ಪಾಠ

ಕಾಡಿನೊಳಕ್ಕೆ ದಾರಿ ತೆರೆದುದರ ಬೆಲೆ ಏನಾಗಬಹುದು ಎಂಬುದಕ್ಕೆ ಸೊರಬ ತಾಲೂಕಿನ ಒಂದು ಊರಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳನ್ನೇ ಸೇರಿದೆ. ಅದು ಕ್ಯಾಸನೂರು. 1957ರ ಬೇಸಗೆಯಲ್ಲಿ ಇಲ್ಲಿಯ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸಾಲುಸಾಲಾಗಿ ಸತ್ತು ಬಿದ್ದವು. ಕಾಡಿಗೆ ಹೋಗಿ ಬಂದ ಹಳ್ಳಿಗರಿಗೆ ತೀವ್ರ ಜ್ವರ, ತಲೆನೋವು, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಮಂಗಗಳನ್ನು ಕೊಲ್ಲುವ ಹಳದಿ ಜ್ವರ ಭಾರತಕ್ಕೂ ಬಂತೇ ಎಂಬ ಆತಂಕದಿಂದ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಹಳದಿ ಜ್ವರವಲ್ಲ, ಅದುವರೆಗೆ ಯಾರೂ ಕಾಣದ ಹೊಸ ವೈರಸ್ ಎಂದು ಗೊತ್ತಾಯಿತು. ರಷ್ಯಾದ ಕಾಡುಗಳ ಒಂದು ಮೆದುಳು ಜ್ವರದ ವೈರಸ್ಸಿಗೆ ಅದು ಹತ್ತಿರದ ಸಂಬಂಧಿ. ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಅದಕ್ಕೆ ಹೆಸರಾಯಿತು. ನಮ್ಮ ಜನ ಅದನ್ನು ಕರೆಯುವುದು ಮಂಗನ ಕಾಯಿಲೆ ಎಂದು.

ಹೆಸರು ಮಂಗನದಾದರೂ ರೋಗ ಹರಡುವುದು ಉಣುಗು. ರೋಗದಿಂದ ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ತರಗೆಲೆಗಳ ನಡುವೆ ಸೇರಿ ದಾರಿಹೋಕರ ಕಾಲಿಗೆ ಹತ್ತುತ್ತವೆ. ಡಿಸೆಂಬರಿನಿಂದ ಮೇವರೆಗೆ, ಮರಿ ಉಣುಗುಗಳ ಕಾಲದಲ್ಲಿ, ಅಪಾಯ ಹೆಚ್ಚು. ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿ ಒಂದು ವಿಚಾರ ಮುಂದಿಟ್ಟರು. ವೈರಸ್ಸು ಕಾಡಿನಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇದ್ದಿರಬಹುದು. ಜನ ಕಾಡು ಸವರಿ ಒಳಗೆ ಹೋದರು, ಸವರಿದ ಕಡೆ ಲಂಟಾನದ ಪೊದೆ ಬೆಳೆಯಿತು, ದನಗಳು ಮೇಯಲು ಬಂದವು, ದನಗಳ ರಕ್ತ ಕುಡಿದ ಉಣುಗುಗಳ ಸಂತತಿ ಏರಿತು. ಹೀಗೆ ಮಲಗಿದ್ದ ರೋಗವನ್ನು ಎಬ್ಬಿಸಿದವರು ಮನುಷ್ಯರೇ ಎಂಬುದು ಅವರ ವಾದ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲೂಕಿನ ನಿಡ್ಲೆ ಸುತ್ತ, ಗೇರು ತೋಟಕ್ಕೆಂದು ಕಾಡು ಕಡಿದ ಬೆನ್ನಿಗೇ ರೋಗ ಕಾಣಿಸಿಕೊಂಡದ್ದು ಈ ವಾದಕ್ಕೆ ಬಲ ತಂದಿತು. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಅದು ಮತ್ತೆ ಜೀವ ತೆಗೆಯಿತು. ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು.

ಇದನ್ನು ಓದಿ ತಂದೆತಾಯಿಗಳು ಹೆದರಬೇಕಾಗಿಲ್ಲ. ಎಲ್ಲ ಕಾಡಿನಲ್ಲೂ, ಎಲ್ಲ ಕಾಲದಲ್ಲೂ ರೋಗವಿರುವುದಿಲ್ಲ. ಆದರೆ ಹೋಗುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ವಿಚಾರಿಸುವುದು, ಮೈ ತುಂಬ ಬಟ್ಟೆ ಧರಿಸುವುದು, ಇಲಾಖೆಯವರು ಕೊಡುವ ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳುವುದು, ತರಗೆಲೆಯ ಮೇಲೆ ಕೂರದಿರುವುದು, ಮನೆಗೆ ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು, ಇಷ್ಟು ಬೇಕೇ ಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ, ಕಾಡಿಗೆ ಹೋದ ಸಂಗತಿಯನ್ನು ವೈದ್ಯರಿಂದ ಮುಚ್ಚಿಡಬಾರದು.

ಇಳಿಯುವ ಜಾಗ

ಜೀಪು ಹೋಗಬಲ್ಲ ಕಡೆಗೆಲ್ಲ ಜೀಪಿನಲ್ಲೇ ಹೋಗಬೇಕೆ? ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಹೊಕ್ಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಅದು ಕಾನೂನಿನ ಮಾತಾಯಿತು. ನೆಲದ ಮಾತು ಇನ್ನೊಂದಿದೆ. ಮಳೆಗಾಲದ ಕೆಂಪು ಮಣ್ಣಿನಲ್ಲಿ ಒಂದು ಜೀಪು ಹೋದರೆ ಎರಡು ಗೆರೆ ಬೀಳುತ್ತವೆ. ಅದೇ ಗೆರೆಯಲ್ಲಿ ಹತ್ತು ಜೀಪು ಹೋದರೆ ಅದು ಕಾಲುವೆಯಾಗುತ್ತದೆ. ಮುಂದಿನ ಮಳೆಯ ನೀರು ಆ ಕಾಲುವೆಯಲ್ಲೇ ಹರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗಿ ಕೆಳಗಿನ ಕೆರೆಗೆ ತುಂಬುತ್ತದೆ. ಮರುವರ್ಷ ಹಳೆಯ ಗೆರೆಯಲ್ಲಿ ಹೋಗಲಾಗದೆ ಚಾಲಕರು ಪಕ್ಕದಲ್ಲಿ ಹೊಸ ಗೆರೆ ಹಾಕುತ್ತಾರೆ. ದಾರಿ ಹೀಗೇ ಅಗಲವಾಗುತ್ತ ಹೋಗುತ್ತದೆ.

ಕಾನಿನ ಅಂಚಿಗೆ ಬಂದಾಗ ಎಂಜಿನ್ ಆರಿಸಿ ಇಳಿದುಬಿಡುವುದೇ ಸರಿಯಾದ ಕ್ರಮ. ಇಳಿದ ಮೇಲೆ ಸಿಗುವುದೂ ಕಡಿಮೆಯೇನಲ್ಲ. ಎಂಜಿನ್ನಿನ ಸದ್ದು ಕಿವಿಯಿಂದ ಇಳಿಯಲು ಒಂದೆರಡು ನಿಮಿಷ ಬೇಕು. ಆಮೇಲೆ ಜೀರುಂಡೆಯ ಸದ್ದು, ಮಂಗಟ್ಟೆಯ ರೆಕ್ಕೆ ಬೀಸುವ ಸದ್ದು, ಎಲ್ಲೋ ನೀರು ಜಿನುಗುವ ಸದ್ದು ಒಂದೊಂದಾಗಿ ಬರುತ್ತವೆ. ಬಯಲಿನ ಬಿಸಿಲಿನಿಂದ ಹತ್ತು ಹೆಜ್ಜೆ ಒಳಗಿಟ್ಟರೆ ಮೈಗೆ ತಂಪು ತಗಲುತ್ತದೆ. ಜೀವಶಾಸ್ತ್ರದ ಪಾಠದಲ್ಲಿ ಓದಿದ ಕಾಡಿನ ಅಂತಸ್ತುಗಳನ್ನು, ನೆಲದ ಮೇಲಿನ ಗಿಡಮೂಲಿಕೆಯಿಂದ ತಲೆಯೆತ್ತಿ ನೋಡಬೇಕಾದ ಮರದ ನೆತ್ತಿಯವರೆಗೆ, ವಿದ್ಯಾರ್ಥಿಗಳು ನಿಂತಲ್ಲೇ ಗುರುತಿಸಬಹುದು. ಊರಿನ ಹಿರಿಯರೊಬ್ಬರು ಜೊತೆಗಿದ್ದು ಮರಗಳ ಹೆಸರು ಹೇಳಿದರೆ ಅದಕ್ಕಿಂತ ದೊಡ್ಡ ಪಾಠವಿಲ್ಲ.

1942ರಲ್ಲಿ ಈಸೂರಿನ ಜನ ಕಾಡಿಗೆ ಹೋದದ್ದು ಬರಿಗಾಲಿನಲ್ಲಿ, ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು. ಅವರಿಗೆ ಆಸರೆಯಾದ ಕಾಡಿನ ದೊಡ್ಡ ಗುಣವೆಂದರೆ ಅದರೊಳಕ್ಕೆ ಗಾಡಿ ಬರುವಂತಿರಲಿಲ್ಲ. ಅಂಥ ಕಡೆಗಳನ್ನು ಇನ್ನೂ ಒಂದಿಷ್ಟು ಉಳಿಸಿಕೊಳ್ಳುವುದು ಸ್ಮಾರಕಕ್ಕೆ ಹೂಮಾಲೆ ಹಾಕಿದಷ್ಟೇ ಮುಖ್ಯವಾದ ಕೆಲಸ. ಹಿಂದಿರುಗುವಾಗ ಜೀಪಿನಲ್ಲಿ ಕುಳಿತ ಮಕ್ಕಳು ಬೂಟಿನ ಕೆಸರು ಕೊಡವುತ್ತ, ಮುಂದಿನ ಸಲ ಇನ್ನೂ ಹಿಂದೆಯೇ ಗಾಡಿ ನಿಲ್ಲಿಸಿ ಇನ್ನೂ ಸ್ವಲ್ಪ ದೂರ ನಡೆಯೋಣ ಎಂದರೆ ಪ್ರಯಾಣ ಸಾರ್ಥಕ.

ಹೋಗುವುದು ಹೇಗೆ?

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಸುಮಾರು 50 ಕಿ.ಮೀ. ಬಸ್ಸುಗಳು ಧಾರಾಳವಾಗಿವೆ. ಈಸೂರು ಅದೇ ತಾಲೂಕಿನಲ್ಲಿದೆ. ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬ ತಲುಪಬಹುದು. ಸೊರಬಕ್ಕೆ ರೈಲಿಲ್ಲ. ಸಾಗರದಲ್ಲಿ ಇಳಿದು ರಸ್ತೆಯಲ್ಲಿ ಹೋಗಬಹುದು. ಮಣ್ಣಿನ ದಾರಿಗೆ ಸ್ಥಳೀಯ ಜೀಪನ್ನೂ ಸ್ಥಳೀಯ ಚಾಲಕರನ್ನೂ ಗೊತ್ತು ಮಾಡಿಕೊಳ್ಳುವುದು ಕ್ಷೇಮ. ಅರಣ್ಯದೊಳಕ್ಕೆ ಕಾಲಿಡುವ ಮೊದಲು ಅರಣ್ಯ ಇಲಾಖೆಯ ವಲಯ ಕಚೇರಿಯಿಂದ ಅನುಮತಿ ಪಡೆಯಬೇಕು. ಮಳೆ ನಿಂತು ಹಾದಿ ಗಟ್ಟಿಯಾಗುವ ಅಕ್ಟೋಬರ್, ನವೆಂಬರ್ ಒಳ್ಳೆಯ ಕಾಲ. ಸಮಯವಿದ್ದರೆ ಸೊರಬ ತಾಲೂಕಿನ ಗುಡವಿ ಪಕ್ಷಿಧಾಮ, ಚಂದ್ರಗುತ್ತಿಯ ರೇಣುಕಾಂಬ ದೇವಸ್ಥಾನಗಳನ್ನೂ ನೋಡಿ ಬರಬಹುದು.